ಮೊದಲ ಸಲದ ‘ಬೇಡ’

ಬೇಕಾದ್ದನ್ನು ಬೇಕು ಅಂತ ಬಾಯಿಬಿಟ್ಟು ಹೇಳುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಬಡಿಸುವವನನ್ನು ಕೈ ಬೀಸಿ ಕರೆದು, ‘ಇಲ್ಲಿ ಇನ್ನೆರಡು ಹೋಳಿಗೆ ಹಾಕಪ್ಪ’ ಅನ್ನುವವರಿದ್ದಾರಲ್ಲ, ಅವರು ನನ್ನ ಲೆಕ್ಕದಲ್ಲಿ ವೀರರು. ನನ್ನ ಕಥೆ ಬೇರೆ. ಹೋಳಿಗೆಯವನು ಎದುರು ಬಂದು ನಿಂತ ತಕ್ಷಣ ನನ್ನ ಎಡಗೈ ತಾನಾಗಿಯೇ ಎಲೆಗೆ ಅಡ್ಡ ಬರುತ್ತದೆ, ಬಾಯಿ ‘ಬೇಡ ಬೇಡ, ಸಾಕು’ ಅನ್ನುತ್ತದೆ, ಕಣ್ಣು ಮಾತ್ರ ಅವನ ಪಾತ್ರೆಯೊಳಗೇ ಇರುತ್ತದೆ. ಬಡಿಸುವವನು ನಮ್ಮ ಕಡೆಯವನಾದರೆ ಚಿಂತೆಯಿಲ್ಲ. ‘ಸುಮ್ಕೆ ಕೈ ತಗೀರಿ’ ಅಂತ ಗದರಿ ಹಾಕಿಯೇ ಮುಂದಕ್ಕೆ ಹೋಗುತ್ತಾನೆ. ನಾನೂ ‘ಅಯ್ಯೋ, ಎಷ್ಟೊಂದು ಹಾಕ್ಬುಟ್ಯಲ್ಲಪ್ಪ’ ಅಂತ ಬೇಜಾರಾದವನ ಹಾಗೆ ಮುಖ ಮಾಡಿ, ಚೂರೂ ಬಿಡದೆ ತಿನ್ನುತ್ತೇನೆ. ಈಗ ಕೇಟರಿಂಗಿನವರು ಎಲ್ಲಿಂದಲೋ ಹುಡುಗರನ್ನು ಕರೆತರುತ್ತಾರೆ. ಆ ಹುಡುಗರು ಬೇಡ ಅಂದರೆ ಪಕ್ಕದ ಎಲೆಗೆ ಹೋಗಿಬಿಡುತ್ತಾರೆ. ಹೀಗೆ ಎಷ್ಟು ಮದುವೆಗಳಿಂದ ನಾನು ಅರೆಹೊಟ್ಟೆಯಲ್ಲಿ ಎದ್ದು ಬಂದಿದ್ದೇನೋ.

ಇದು ನನ್ನೊಬ್ಬನ ರೋಗ ಅಂದುಕೊಳ್ಳಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ಬೇಕಾದರೂ ಹೋಗಿ, ನಮ್ಮ ಜನದ ಮಾತು ಒರಟು, ನಡತೆ ನಾಚಿಕೆಯದು. ಬೀದಿಯಲ್ಲಿ ‘ಏನ್ಲಾ’ ಅಂತ ಅಬ್ಬರಿಸುವವನೇ ಇನ್ನೊಬ್ಬರ ಜಗುಲಿ ಹತ್ತಿದರೆ ನೀರು ಕೂಡ ಬೇಡ ಅನ್ನುತ್ತಾನೆ. ವೈದ್ಯನಾಥಪುರದಲ್ಲಿರುವ ನನ್ನ ಅಕ್ಕ ಯಾರಾದರೂ ಊಟ ಬೇಡ ಅಂದರೆ ಉತ್ತರವನ್ನೇ ಕೊಡುವುದಿಲ್ಲ, ತಟ್ಟೆ ಇಟ್ಟು ಮುದ್ದೆ ಹಾಕುತ್ತಾಳೆ. ‘ಕೇಳೋದು ಮರ್ಯಾದೆಗೆ, ಹಾಕೋದು ಹೊಟ್ಟೆಗೆ’ ಅನ್ನುವುದು ಅವಳ ವಾದ. ಮದ್ದೂರಿನ ನನ್ನ ಗೆಳೆಯ, ಮೆಕ್ಯಾನಿಕ್ ರಫೀಕ, ಹಬ್ಬದ ದಿನ ನಾನು ಬೇಡ ಅನ್ನುತ್ತಿರುವಾಗಲೇ ತಟ್ಟೆ ತುಂಬಿಸಿರುತ್ತಾನೆ. ಅವನು ನಮ್ಮ ಮನೆಗೆ ಬಂದಾಗ ಅದೇ ನಾಟಕ ಅವನು ಆಡುತ್ತಾನೆ, ತುಂಬಿಸುವ ಪಾತ್ರ ನನ್ನದು. ಯಾರಿಗೂ ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ಸಲ ಬೇಡ ಅನ್ನಬೇಕು, ಅವರು ಇನ್ನೊಂದು ಮಾತು ಕೇಳಬೇಕು, ಆಮೇಲೆ ‘ಆಯ್ತು, ನಿಮ್ಮ ಮಾತಿಗೆ’ ಅಂತ ಒಪ್ಪಬೇಕು. ಒಂದೇ ಸಲಕ್ಕೆ ಒಪ್ಪಿದವನನ್ನು ನಮ್ಮಲ್ಲಿ ಆಸೆಬುರುಕ ಅಂತಾರೆ, ಅವನ ಮಕ್ಕಳಿಗೆ ಹೆಣ್ಣು ಕೊಡುವಾಗಲೂ ಆ ಮಾತು ನೆನಪಿಗೆ ಬರುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೀಗಿರುವ ನಾನು ಹೊಟ್ಟೆಪಾಡಿಗೆ ಮಾಡುವುದು ಕೆಲಸ ಕೇಳುವುದು ಹೇಗೆ ಅಂತ ಬೇರೆಯವರಿಗೆ ಹೇಳಿಕೊಡುವ ಕೆಲಸ. ಮದ್ದೂರಿನಲ್ಲಿ ಒಂದು ಕೌಶಲ ತರಬೇತಿ ಕೇಂದ್ರವಿದೆ, ಕೆಳಗೆ ಸಿಮೆಂಟಿನ ಅಂಗಡಿ, ಮೇಲೆ ನಾವು. ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿ ತರಬೇತಿ ಕೊಡುತ್ತೇವೆ. ಮಗ್ಗುಲು ಬದಲಿಸುವುದು, ಹಾಸಿಗೆಯಲ್ಲೇ ಮೈ ಒರೆಸುವುದು, ಇಂಥದ್ದನ್ನೆಲ್ಲ ಕಲಿಸುವುದಕ್ಕೆ ಒಬ್ಬರು ನಿವೃತ್ತ ನರ್ಸಮ್ಮ ಬರುತ್ತಾರೆ. ಸಂದರ್ಶನಕ್ಕೆ ತಯಾರು ಮಾಡುವುದು ನನ್ನ ಪಾಲು. ಮಳವಳ್ಳಿಯಿಂದ ದಿನಾ ಬಸ್ಸು ಹತ್ತಿ ಬರುತ್ತೇನೆ. ನನ್ನ ಕೆಲಸ ವರ್ಷದ ಗುತ್ತಿಗೆಯದು. ಮಾರ್ಚ್ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗಿಂತ ಹೆಚ್ಚು ಭಯ ನನಗೆ. ಮೇಲಧಿಕಾರಿಗಳು ನಮಗೂ ತರಬೇತಿ ಕೊಡುತ್ತಾರೆ. ದೊಡ್ಡ ಹೋಟೆಲಿನಲ್ಲಿ ಕೂರಿಸಿ, ಒಂದು ಚೀಲ, ಒಂದು ಪೆನ್ನು ಕೊಟ್ಟು, ಬಲೂನು ಊದಿಸಿ, ಆ ಬಲೂನೇ ನಿಮ್ಮ ಆತ್ಮವಿಶ್ವಾಸ ಅನ್ನುತ್ತಾರೆ. ನನ್ನದು ಒಡೆದುಹೋಯಿತು. ಇನ್ನೊಂದು ಕೊಡಲಾ ಅಂದರು, ಬೇಡ ಅಂದೆ.

ಕೇಂದ್ರಕ್ಕೆ ಒಂದು ಬೊಂಬೆ ರೋಗಿಯನ್ನೂ ಕಳಿಸಿದ್ದರು. ಬರುವಾಗಲೇ ಅದರ ಒಂದು ಕಾಲು ಸಡಿಲವಾಗಿತ್ತು, ಮಗ್ಗುಲು ಬದಲಿಸಿದರೆ ಕಾಲು ಮಾತ್ರ ಹಳೇ ಮಗ್ಗುಲಲ್ಲೇ ಇರುತ್ತಿತ್ತು. ನಮ್ಮ ಕಲಿಯುವವರೆಲ್ಲ ಆ ಬೊಂಬೆಯನ್ನು ಮೂಟೆಯ ಹಾಗೆ ಎತ್ತಿ ಹಾಕುತ್ತಿದ್ದಾಗ, ಗೌರಮ್ಮ ಒಬ್ಬರು ಮಾತ್ರ ಅದರ ಜೊತೆ ಮಾತಾಡುತ್ತಿದ್ದರು. ‘ಒಸಿ ಈ ಕಡೀಕ್ ತಿರುಕ್ಕಳಿ ಅತ್ತೆಮ್ಮ, ನೀರು ಬೆಚ್ಗದೆ’ ಅನ್ನುವುದು, ಸೆರಗಿನಿಂದ ಬೊಂಬೆಯ ಹಣೆ ಒರೆಸುವುದು. ಮಿಕ್ಕವರು ನಗುತ್ತಿದ್ದರು. ಗೌರಮ್ಮ ಕೊತ್ತತ್ತಿಯ ಸೊಸೆ, ನಲವತ್ತು ದಾಟಿದವರು. ಹಾಸಿಗೆ ಹಿಡಿದ ಅತ್ತೆಯನ್ನು ಬಹಳ ವರ್ಷ ನೋಡಿಕೊಂಡಿದ್ದರು. ಅತ್ತೆ ಹೋದ ಮೇಲೆ ಕೈಗೆ ಕೆಲಸವಿಲ್ಲದೆ ಮನೆ ತಿನ್ನುವ ಹಾಗಾಯಿತಂತೆ. ಗಂಡನಿಗೆ ನಾಲೆ ನೀರಿನ ಗದ್ದೆಯಿದೆ, ಊಟ ಬಟ್ಟೆಗೆ ಕಷ್ಟವಿಲ್ಲ. ಆದರೆ ಒಮ್ಮೆಯಾದರೂ ತನ್ನ ಸಂಬಳದಲ್ಲಿ ಬಸ್ಸಿನ ಟಿಕೆಟ್ಟು ತೆಗೆದುಕೊಳ್ಳಬೇಕು ಅನ್ನುವುದು ಅವರ ಆಸೆ. ಗಂಡ ಒಪ್ಪಿದ್ದೂ ಅರೆಮನಸ್ಸಿನಿಂದ. ಮಂಡ್ಯದಲ್ಲೇ ಸಿಗಬೇಕು, ಸಂಜೆ ಮನೆಗೆ ಬರಬೇಕು, ಈ ಸಲ ಸಿಗಲಿಲ್ಲ ಅಂದರೆ ಇನ್ನು ಆ ಮಾತು ಎತ್ತಬಾರದು ಅಂತ ಹೇಳಿ ಕಳಿಸಿದ್ದರಂತೆ. ಗೌರಮ್ಮ ತರಬೇತಿ ಮುಗಿಯುವವರೆಗೆ ಮದ್ದೂರಿನ ಪಕ್ಕದ ಶಿವಪುರದ ಅಣ್ಣನ ಮನೆಯಲ್ಲಿ ಉಳಿದುಕೊಂಡು ಒಂದು ದಿನವೂ ತಪ್ಪಿಸದೆ ತರಗತಿಗೆ ಬಂದರು.

ಮಂಡ್ಯದಲ್ಲಿ ವೃದ್ಧರ ಆರೈಕೆಯ ಒಂದು ಹೊಸ ಕೇಂದ್ರ ಶುರುವಾಗಿತ್ತು, ಅಲ್ಲೊಂದು ಜಾಗ ಖಾಲಿಯಿತ್ತು. ಗೌರಮ್ಮನಿಗೆ ಹೇಳಿ ಮಾಡಿಸಿದ ಹಾಗಿತ್ತು, ಕೊತ್ತತ್ತಿಯಿಂದ ಒಂದೇ ಬಸ್ಸು. ನಾನೂ ಹಟಕ್ಕೆ ಬಿದ್ದು ಅವರನ್ನು ತಯಾರು ಮಾಡಿದೆ. ನಮಸ್ಕಾರ ಹೇಗೆ ಮಾಡಬೇಕು, ಕುರ್ಚಿಯ ತುದಿಯಲ್ಲಿ ಕೂರದೆ ಪೂರ್ತಿ ಹೇಗೆ ಕೂರಬೇಕು, ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಗಂಡನ ಬಗ್ಗೆ ಹೇಳದೆ ತಮ್ಮ ಬಗ್ಗೆ ಹೇಗೆ ಹೇಳಬೇಕು, ಎಲ್ಲ ಕಲಿಸಿದೆ. ನಮ್ಮ ತರಬೇತಿ ಪುಸ್ತಕದಲ್ಲಿ ಸಂದರ್ಶನದ ಪಾಠ, ‘ಧನ್ಯವಾದ ಹೇಳಿ ಬಾಗಿಲನ್ನು ಸದ್ದಿಲ್ಲದೆ ಹಾಕಿಕೊಂಡು ಬನ್ನಿ’ ಅನ್ನುವಲ್ಲಿಗೆ ಮುಗಿಯುತ್ತದೆ. ಅಲ್ಲೇ ಕೆಲಸ ಕೊಟ್ಟುಬಿಟ್ಟರೆ ಏನು ಮಾಡಬೇಕು ಅನ್ನುವುದು ಎಲ್ಲೂ ಇಲ್ಲ. ಬರೆದವರಿಗೂ ಕೊಡುತ್ತಾರೆ ಅನ್ನುವ ನಂಬಿಕೆ ಇರಲಿಲ್ಲವೋ ಏನೋ.

ಸಂದರ್ಶನದ ಮಾರನೇ ದಿನ ಗೌರಮ್ಮ ಕೇಂದ್ರಕ್ಕೆ ಬಂದರು. ಮುಖ ಬಾಡಿತ್ತು. ಪ್ರಶ್ನೆಗೆಲ್ಲ ಸರಿಯಾಗಿ ಹೇಳಿದರಂತೆ, ಅಲ್ಲಿಯ ಮ್ಯಾನೇಜರ್ ಮೇಡಂಗೂ ಇಷ್ಟವಾಯಿತಂತೆ, ಕೊನೆಗೆ ನಗುತ್ತಾ ಸೋಮವಾರದಿಂದ ಬರ್ತೀರಾ ಅಂತ ಕೇಳಿಯೂಬಿಟ್ಟರಂತೆ.

‘ನೀವೇನಂದ್ರಿ?’ ಅಂದೆ.

‘ಅಯ್ಯೋ ಬ್ಯಾಡಿ ಬುಡಿ ಮೇಡಂ, ನಂಗ್ಯಾಕೆ, ಇನ್ನೂ ಓದ್ದೋರು ಇರ್ತಾರೆ ನೋಡಿ ಅಂದೆ.’

‘ಯಾಕಮ್ಮ ಹಂಗಂದ್ರಿ?’

‘ಮತ್ತೆ? ಕೊಡ್ತೀನಿ ಅಂದೇಟ್ಗೆ ಬಾಚ್ಕಳಕಾದದಾ ಸಾ? ಏನನ್ಕಂಡಾರು?’

ಮೇಡಂ ಏನೂ ಅಂದುಕೊಳ್ಳಲಿಲ್ಲ. ‘ಪರವಾಗಿಲ್ಲ ಗೌರಮ್ಮ, ನಿಮ್ಮಿಷ್ಟ’ ಅಂತ ನಮಸ್ಕಾರ ಮಾಡಿ ಕಳಿಸಿದರು. ಗೌರಮ್ಮ ಆಚೆ ಬಂದು ಬಾಗಿಲ ಹತ್ತಿರ ನಿಂತುಕೊಂಡರಂತೆ. ‘ಇನ್ನೊಂದು ಮಾತು ಕೇಳ್ತಾರೆ ಅಂತ ನಿಂತಿದ್ದೆ ಸಾ. ಆಮೇಕೆ ವಾಚ್‌ಮನ್ನು ಬಂದು, ಏನಾರ ಮರ್ತೋದ್ರೇನಮ್ಮ ಅಂದ. ಬಂದ್ಬುಟ್ಟೆ’ ಅಂದರು. ನನಗೆ ನಗು ಬಂದಿತ್ತು, ಅವರ ಮುಖ ನೋಡಿ ತಡೆದುಕೊಂಡೆ. ಗಂಡನಿಗೆ ಇನ್ನೂ ಹೇಳಿರಲಿಲ್ಲವಂತೆ. ಹೇಳಿದರೆ ಅಲ್ಲಿಗೆ ಮುಗಿಯಿತು, ಇನ್ನು ಕೊತ್ತತ್ತಿಯಿಂದ ಆಚೆ ಕಾಲಿಡುವ ಮಾತಿಲ್ಲ. ಎಲ್ಲ ಹೇಳಿಕೊಟ್ಟ ನಾನು, ಕೊಟ್ಟಾಗ ಊಂ ಅನ್ನಬೇಕು ಅನ್ನುವುದೊಂದನ್ನು ಹೇಳಿಕೊಟ್ಟಿರಲಿಲ್ಲ. ನಾಳೆ ನಾನೇ ಹೋಗಿ ಮಾತಾಡುತ್ತೇನೆ ಅಂದೆ. ‘ಬ್ಯಾಡಿ ಸಾ, ನಿಮ್ಗ್ಯಾಕೆ ತೊಂದ್ರೆ’ ಅಂದರು ಗೌರಮ್ಮ. ಅದರ ಅರ್ಥ ನನಗೆ ಗೊತ್ತಿತ್ತು.

ಮಾರನೇ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಮನೆಯಲ್ಲಿ ಪದ್ಮ, ನನ್ನ ಹೆಂಡತಿ, ಇನ್ನೂ ಹಾಲು ಕಾಯಿಸಿರಲಿಲ್ಲ, ನೀರು ಕುಡಿದು ಬಂದಿದ್ದೆ. ಆರೈಕೆ ಕೇಂದ್ರದ ಆ ಮೇಡಂ ಹುಟ್ಟಿ ಬೆಳೆದದ್ದು ಪುಣೆಯಲ್ಲಂತೆ, ಕನ್ನಡ ಆಮೇಲೆ ಕಲಿತದ್ದು. ಅವರ ಕನ್ನಡ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದೆ ಇತ್ತು. ಮೇಜಿನ ಮೇಲೆ ಫ್ಲಾಸ್ಕಿತ್ತು. ಕಾಫಿ ಕುಡಿಯುತ್ತೀರಾ ಅಂದರು. ‘ಬೇಡ ಮೇಡಂ, ಈಗಷ್ಟೇ ಆಯ್ತು’ ಅಂದೆ. ಅವರು ತಮಗೊಂದು ಲೋಟ ಬಗ್ಗಿಸಿಕೊಂಡು ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿ ತಿರುಗಿಸಿದರು. ಒಳ್ಳೆ ಡಿಕಾಕ್ಷನ್ನಿನ ವಾಸನೆ.

ಗೌರಮ್ಮನ ವಿಷಯ ಎತ್ತಿದೆ. ಅವರಿಗೂ ಬೇಸರವಿತ್ತು. ಆ ಹೆಂಗಸು ತಮಗೆ ತುಂಬ ಹಿಡಿಸಿದ್ದರು, ಆದರೆ ಬೇಡ ಅಂದವರನ್ನು ಬಲವಂತ ಮಾಡುವುದು ತಮಗೆ ಸರಿಕಾಣುವುದಿಲ್ಲ ಅಂದರು. ಇಷ್ಟವಿಲ್ಲದ ಹೆಣ್ಣುಮಗಳನ್ನು ಯಾರೋ ದಬ್ಬಿ ಕಳಿಸಿರಬೇಕು ಅಂತ ಅವರು ತಿಳಿದಿದ್ದರು. ಎಷ್ಟು ವಿವರಿಸಿದರೂ ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ನಾನು ಧೈರ್ಯ ಮಾಡಿ, ‘ಈಗ ನೋಡಿ ಮೇಡಂ, ನೀವು ಕಾಫಿ ಕೇಳಿದ್ರಿ, ನಾನು ಬೇಡ ಅಂದೆ. ನನಗೆ ಕಾಫಿ ಬೇಕಿತ್ತು’ ಅಂದೆ.

ಅವರು ಲೋಟ ಕೆಳಗಿಟ್ಟರು. ‘ಮತ್ತೆ ಬೇಡ ಅಂತ ಯಾಕೆ ಹೇಳಿದಿರಿ?’

‘ಅದನ್ನ ಹೇಳೋಕೇ ಮಳವಳ್ಳಿಯಿಂದ ಬಂದಿದ್ದೀನಿ.’

ಮೇಡಂ ಬಹಳ ಹೊತ್ತು ನಕ್ಕರು. ನಗುತ್ತಲೇ ಫ್ಲಾಸ್ಕು ತೆಗೆದು ನನಗೂ ಬಗ್ಗಿಸಿದರು. ಹೋಳಿಗೆಯ ವಿಷಯ, ವೈದ್ಯನಾಥಪುರದ ಅಕ್ಕನ ವಿಷಯ, ರಫೀಕನ ವಿಷಯ ಎಲ್ಲ ಹೇಳಿದೆ. ಕಾಫಿ ಕೊಟ್ಟವರ ಎದುರು ನನಗೆ ಮಾತು ಜಾಸ್ತಿ. ತಾವು ಮಂಡ್ಯಕ್ಕೆ ಬಂದ ಮೇಲೆ ಎಷ್ಟೋ ಜನರಿಗೆ ತಿಂಡಿ ಕೇಳಿ, ಬೇಡ ಅಂದಾಗ ಸುಮ್ಮನಾಗಿದ್ದುಂಟಲ್ಲ, ಅವರೆಲ್ಲ ಹಸಿದುಕೊಂಡು ಹೋಗಿರಬಹುದೇ ಅಂತ ಮೇಡಂ ಕೇಳಿದರು. ಹೋಗಿರುತ್ತಾರೆ ಅಂದೆ. ಹಾಗಾದರೆ ಏನು ಮಾಡಬೇಕು ಅಂದರು. ‘ಇನ್ನೊಂದು ಸಲ ಕೇಳಿದ್ರೆ ಸಾಕು ಮೇಡಂ’ ಅಂದೆ, ದೊಡ್ಡ ಪಂಡಿತನ ಹಾಗೆ.

ಅವರು ನನ್ನೆದುರಿಗೇ ಗೌರಮ್ಮನಿಗೆ ಫೋನು ಮಾಡಿದರು. ‘ಗೌರಮ್ಮ, ಇನ್ನೊಂದು ಸಲ ಕೇಳುತ್ತಿದ್ದೇನೆ, ಸೋಮವಾರದಿಂದ...’ ಅನ್ನುವಷ್ಟರಲ್ಲಿ ಆ ಕಡೆಯಿಂದ ‘ಬತ್ತೀನಿ ಮೇಡಂ’ ಅನ್ನುವುದು ನನ್ನ ಕುರ್ಚಿಯವರೆಗೂ ಕೇಳಿಸಿತು. ಆಮೇಲೆ ಯಾರನ್ನೋ ಕೂಗಿ ಕರೆದದ್ದು, ‘ಸಿಕ್ತು ಕಣ್ರೀ’ ಅಂದದ್ದೂ ಕೇಳಿಸಿತು. ಗಂಡನಿಗೇ ಇರಬೇಕು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಬಲೂನು ಊದಿಸಿದ್ದಕ್ಕೆ ಇವತ್ತೊಂದು ಕೆಲಸ ಆಯಿತು ಅನ್ನಿಸಿ ಏಳುವುದಕ್ಕೆ ಹೊರಟೆ.

‘ಒಂದು ನಿಮಿಷ ಕೂತುಕೊಳ್ಳಿ’ ಅಂದರು ಮೇಡಂ. ತಮ್ಮ ಕೇಂದ್ರದ ಕೆಲಸದವರಿಗೆಲ್ಲ ಮಾತು, ನಡತೆ ಕಲಿಸುವುದಕ್ಕೆ, ಈ ಊರಿನ ಜನರ ಮನಸ್ಸು ತಮಗೆ ಬಿಡಿಸಿ ಹೇಳುವುದಕ್ಕೆ ಒಬ್ಬರು ಬೇಕು ಅಂತ ಹುಡುಕುತ್ತಿದ್ದರಂತೆ. ಗುತ್ತಿಗೆಯಲ್ಲ, ಕಾಯಂ ಕೆಲಸ. ‘ನೀವೇ ಬಂದುಬಿಡುತ್ತೀರಾ?’ ಅಂದರು.

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಎಷ್ಟು ಓಡಿತು ಅಂದರೆ, ಮಾರ್ಚ್ ತಿಂಗಳಿನ ಸಂಕಟ ತಪ್ಪಿತು, ಮಂಡ್ಯದಲ್ಲೇ ಒಂದು ಮನೆ ಮಾಡಿದರಾಯಿತು, ಪದ್ಮನಿಗೆ ಇವತ್ತು ಮೈಸೂರುಪಾಕು ತೆಗೆದುಕೊಂಡು ಹೋಗಬೇಕು, ಇಷ್ಟೂ ಆಗಿಹೋಯಿತು. ಬಾಯಿ ಮಾತ್ರ, ‘ಅಯ್ಯೋ ನನಗ್ಯಾಕೆ ಮೇಡಂ ಅಷ್ಟು ದೊಡ್ಡ ಕೆಲಸ’ ಅಂದಿತು.

ಮೇಡಂ ಮುಗುಳ್ನಕ್ಕರು. ಪಾಠ ಚೆನ್ನಾಗಿ ಕಲಿತಿದ್ದರು. ‘ಇನ್ನೊಂದು ಸಲ ಕೇಳುತ್ತಿದ್ದೇನೆ. ಬರುತ್ತೀರಾ?’ ಅಂದರು.

ಇಲ್ಲೊಂದು ಸೂಕ್ಷ್ಮ ಇದೆ, ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಎರಡನೇ ಸಲಕ್ಕೆ ಒಪ್ಪಬಹುದಾದ್ದು ಕಾಫಿ, ತಿಂಡಿ, ಹೋಳಿಗೆ ಇಂಥ ಸಣ್ಣಪುಟ್ಟದಕ್ಕೆ. ಹೆಣ್ಣು ಕೊಡುವುದು, ಸನ್ಮಾನ ಮಾಡುವುದು, ಕಾಯಂ ಕೆಲಸ ಇಂಥ ದೊಡ್ಡದಕ್ಕೆಲ್ಲ ಎರಡನೇ ಸಲವೂ ಬೇಡ ಅನ್ನಬೇಕು. ಗೌರಮ್ಮ ಪೆಟ್ಟು ತಿಂದು ಬುದ್ಧಿ ಕಲಿತಿದ್ದರು. ನಾನು ಕಲಿಸುವವನು, ಕಲಿಯುವವನಲ್ಲ. ‘ಇಲ್ಲ ಮೇಡಂ, ನನಗಿಂತ ಒಳ್ಳೆಯವರು ಯಾರಾದ್ರೂ ಸಿಗ್ತಾರೆ, ನೋಡಿ’ ಅಂದುಬಿಟ್ಟೆ.

‘ಸರಿ’ ಅಂದರು ಮೇಡಂ. ಬಹಳ ಗೌರವದಿಂದ ಅಂದರು. ‘ನೀವು ನಿಜವಾಗಿಯೂ ಬೇಡ ಅನ್ನುತ್ತಿದ್ದೀರಿ ಅಂತ ಈಗ ಗೊತ್ತಾಯಿತು.’

ಧನ್ಯವಾದ ಹೇಳಿ, ಬಾಗಿಲನ್ನು ಸದ್ದಿಲ್ಲದೆ ಹಾಕಿಕೊಂಡು ಬಂದೆ. ಗೇಟಿನ ಹತ್ತಿರ ಬರುವ ಹೊತ್ತಿಗೆ ಕಾಲು ನಿಂತುಹೋಯಿತು. ಕರೆಯಬಹುದು ಅನ್ನಿಸುತ್ತಿತ್ತು. ಚಪ್ಪಲಿ ಸರಿಮಾಡಿಕೊಂಡೆ, ಮೊಬೈಲು ತೆಗೆದು ನೋಡಿದೆ, ಕರವಸ್ತ್ರ ಬಿಡಿಸಿ ಮತ್ತೆ ಮಡಿಸಿದೆ. ವಾಚ್‌ಮನ್ನು ತನ್ನ ಸ್ಟೂಲಿನಿಂದ ಎದ್ದು ಬಂದ.

‘ಏನಾರ ಮರ್ತೋದ್ರಾ ಸಾ?’ ಅಂದ.

ಏನಿಲ್ಲಪ್ಪ ಅಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ‘ಒಳೀಕೋಗಿ ಮೇಡಂನ ಕೇಳ್ಕ ಬರ್ಲಾ?’ ಅಂದ, ಪಾಪ, ಒಳ್ಳೇ ಮನುಷ್ಯ.

‘ಬೇಡ ಬೇಡ’ ಅಂದೆ.

ಅವನು ಹೋಗಿ ಸ್ಟೂಲಿನ ಮೇಲೆ ಕೂತ. ಮಾತು ಕೇಳಿದರೆ ನಮ್ಮ ಕಡೆಯವನೇ. ಇನ್ನೊಂದು ಸಲ ಕೇಳುತ್ತಾನೇನೋ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.