ಫೋಟೋ ನೋಡಿ ಮಾಡಿಸಿದ ನಗು

ತಮ್ಮ ನಗು ಹೇಗಿದೆಯೆಂದು ಖಚಿತವಾಗಿ ಬಲ್ಲವರು ಬಹಳ ಕಡಿಮೆ ಎಂಬುದು ನನ್ನ ಇತ್ತೀಚಿನ ಶೋಧ. ಕೈ ಹೇಗಿದೆ, ಕಾಲು ಹೇಗಿದೆ ಎಂದು ಬಗ್ಗಿ ನೋಡಿಕೊಳ್ಳಬಹುದು. ನಗುವನ್ನು ಹಾಗೆ ನೋಡಲಾಗುವುದಿಲ್ಲ. ಕನ್ನಡಿಯ ಮುಂದೆ ನಿಂತು ನಕ್ಕರೆ ಅದು ನಗುವಲ್ಲ, ಡ್ರಿಲ್. ಎಪ್ಪತ್ನಾಲ್ಕು ವರ್ಷ ಇದರ ಗೊಡವೆಯೇ ಇಲ್ಲದೆ ಬದುಕಿದ್ದೆ. ಮಿರಜದ ಒಬ್ಬ ಹುಡುಗಿ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಮಲಗಿಸಿ, ಮುಖದ ಮೇಲೆ ಲೈಟು ಬಿಟ್ಟು, "ಆಜಿ, ಮೊದಲ ನಿಮ್ಮ ಸ್ಮೈಲ್ ಹೆಂಗಿತ್ತರಿ?" ಎಂದು ಕೇಳಿದಾಗ, ಪರೀಕ್ಷೆಯಲ್ಲಿ ಓದದೇ ಇದ್ದ ಪಾಠ ಬಂದ ಹಾಗಾಯಿತು.

ನನ್ನ ಹಲ್ಲುಗಳು ಹಾಳಾದ ಕಥೆಯನ್ನು ಮೊದಲು ಒಪ್ಪಿಸಿಬಿಡುತ್ತೇನೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆಳಿಗ್ಗೆ ಸಂಜೆ ಬ್ರಷ್, ಊಟದ ಮೇಲೆ ಬಾಯಿ ಮುಕ್ಕಳಿಸುವುದು, ನಗುವಾಗ ತುಟಿ ತೆರೆಯದಿರುವುದು. 'ಲೇಡೀಸ್ ಸ್ಮೈಲ್, ದೇ ಡೋಂಟ್ ಗ್ರಿನ್' ಎಂದು ನಮ್ಮ ಸಿಸ್ಟರು ಬೆರಳಿನಿಂದ ತಮ್ಮ ತುಟಿಗೇ ಹೊಲಿಗೆ ಹಾಕಿದಂತೆ ಮಾಡಿ ತೋರಿಸುತ್ತಿದ್ದರು. ಇಷ್ಟೆಲ್ಲ ಕಲಿತು ಸಾಂಗ್ಲಿಯ ಅರಿಶಿನ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಬಂದ ಎರಡನೆಯ ವರ್ಷ ದವಡೆ ನೋವು ಬಂತು. ಅತ್ತೆಯವರು ತಮ್ಮ ಹಿತ್ತಾಳೆ ಡಬ್ಬಿಯಿಂದ ಚಿಟಿಕೆ ಮಶೇರಿ, ಅಂದರೆ ಕಪ್ಪಗೆ ಹುರಿದ ತಂಬಾಕಿನ ಪುಡಿ, ತೆಗೆದು "ತಿಕ್ಕ, ನಿನ್ನ ಇಂಗ್ಲಿಷಕ್ಕ ಏನೂ ಆಗೂದಿಲ್ಲ" ಎಂದರು. ನೋವು ಹೋಯಿತು. ಮಶೇರಿ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮಶೇರಿ ತಿಕ್ಕುವುದು, ಹೊರಗೆ ಬಂದು ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಟೇಬಲ್ ಮ್ಯಾನರ್ಸ್ ಕಲಿಸುವುದು, ಹೀಗೆ ಹತ್ತಿರ ಹತ್ತಿರ ಐವತ್ತು ವರ್ಷ ನಡೆಯಿತು. ಕಡೆಗೊಂದು ದಿನ ಚುರುಮುರಿಯ ಭಡಂಗ ತಿನ್ನುತ್ತಿದ್ದೆ. ಅದರಲ್ಲಿದ್ದ ಒಂದು ಶೇಂಗಾಬೀಜಕ್ಕೆ ಮುಂದಿನ ಎರಡು ಹಲ್ಲುಗಳು ಶರಣಾದವು. ಜನರ ಹಲ್ಲು ಕಬ್ಬಿಗೆ ಮುರಿಯುತ್ತದೆ, ಬಿದ್ದು ಮುರಿಯುತ್ತದೆ. ನನ್ನದು ಗಾಳಿಗೆ ಹಾರುವ ತಿಂಡಿಗೆ ಮುರಿಯಿತು.

ಅಂದಿನಿಂದ ಸೆರಗು ಬಾಯಿಗೆ ಬಂತು. ದುಃಖದ ಸಂಗತಿಯೆಂದರೆ ಸಮಡೋಳಿಗೆ ಹೋಗುವುದು ನಿಂತಿತು. ಸಮಡೋಳಿಯಲ್ಲಿ ನನ್ನ ತಂಗಿ ಸುಶಿ ಇದ್ದಾಳೆ. ನಾವಿಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾದವರು. ಆಮೇಲೆ ಅವಳ ಗಂಡ ಹೊಲ ನೋಡಿಕೊಳ್ಳಲು ಸಮಡೋಳಿಗೆ ಹೋದ. ಇಂಗ್ಲಿಷ್ ಓದಲು ಮನೆಗೆ ಒಬ್ಬಳು ಸಾಕೆಂದು ಅಪ್ಪ ಅವಳನ್ನು ಕಾನ್ವೆಂಟಿಗೆ ಕಳಿಸಿರಲಿಲ್ಲ. ಹಾಗಾಗಿ ಅವಳ ತುಟಿಗೆ ಯಾರೂ ಹೊಲಿಗೆ ಹಾಕಿರಲಿಲ್ಲ. ಅವಳು ನಕ್ಕರೆ ಓಣಿಯ ತುದಿಗೆ ಕೇಳಿಸುತ್ತಿತ್ತು. ಅವಳ ಎದುರು ನಗದೆ ಕೂರುವುದು ಸಾಧ್ಯವಿಲ್ಲ. ಆದ್ದರಿಂದ ಹೋಗುವುದನ್ನೇ ಬಿಟ್ಟೆ. ವಾರಕ್ಕೊಮ್ಮೆ ಹೋಗುತ್ತಿದ್ದವಳು ಎಂಟು ತಿಂಗಳು ಹೋಗಲಿಲ್ಲ. ಫೋನಿನಲ್ಲಿ ಅವಳು "ಅಕ್ಕಾ, ಸಿಟ್ಟಾಗೀಯೇನ?" ಎಂದು ಕೇಳಿದ ದಿನ ನಾನು ಮಿರಜದ ಬಸ್ಸು ಹತ್ತಿದೆ. ಮತ್ತೆ ಸುಶಿಯ ಎದುರು ಕೂತು ಮನಸಾರೆ ನಗಬೇಕು. ಬೇಡಿಕೆ ಇಷ್ಟೇ ಇತ್ತು.

ಕೇತಕಿ ಎಂಬುದು ಆ ಹುಡುಗಿ ಡಾಕ್ಟರ ಹೆಸರು. ಮಾತು ಮರಾಠಿ. ಅಜ್ಜಿಯಿಂದ ಕಲಿತ ಕನ್ನಡವನ್ನು ನನಗಾಗಿ ಹೊರತೆಗೆಯುತ್ತಿದ್ದಳು. ಎಕ್ಸ್‌ರೇ ನೋಡಿ "ಆಜಿ, ಒಂದು ಎರಡು ಹಲ್ಲಿನ ಕಾಮ್ ಅಲ್ಲರಿ ಇದು. ಫುಲ್ ಮೌತ್ ರಿಹ್ಯಾಬಿಲಿಟೇಶನ್" ಎಂದಳು. ಈ ಶಬ್ದವನ್ನು ನಾನು ಅಣೆಕಟ್ಟಿನಲ್ಲಿ ಊರು ಮುಳುಗಿಸಿಕೊಂಡವರ ವಿಷಯದಲ್ಲಷ್ಟೇ ಕೇಳಿದ್ದೆ. ನನ್ನ ಬಾಯಿಯೂ ಒಂದು ಮುಳುಗಡೆಯ ಊರು. ಉಳಿಯಲಾರದವರನ್ನು ಎತ್ತಂಗಡಿ ಮಾಡಬೇಕು, ಉಳಿಯುವವರ ಬೇರು ಶುಚಿ ಮಾಡಬೇಕು, ಖಾಲಿ ಜಾಗದಲ್ಲಿ ಎಲುಬಿಗೆ ಸ್ಕ್ರೂ ಕೂರಿಸಬೇಕು, ಎಲ್ಲರ ಮೇಲೂ ಹೊಸ ಮನೆ ಕಟ್ಟಬೇಕು. ಕೆಲಸ ತಿಂಗಳುಗಟ್ಟಲೆ. ನಾನು ಪ್ರತಿ ವಾಕ್ಯಕ್ಕೂ "ಯಸ್, ಯಸ್" ಎಂದೆ. ಒಂದೂ ತಿಳಿಯಲಿಲ್ಲ. ಇಂಗ್ಲಿಷ್ ಕಲಿತವರಿಗೆ ಇರುವ ದೊಡ್ಡ ಸಂಕಟ ಇದು, ತಿಳಿಯಲಿಲ್ಲ ಎಂದು ಹೇಳುವ ಹಾಗಿಲ್ಲ. ಕೊನೆಗೆ ಅವಳು "ಹಲ್ಲು ಕಾಣುವಂಥ ಒಂದು ಜುನಾ, ಅಂದ್ರ ಹಳೀ ಫೋಟೋ ತರ್ರಿ. ನಿಮ್ಮ ನಗುನ ನಿಮಗ ವಾಪಸ್ ಕೊಡತೇನಿ" ಎಂದಳು.

ಮನೆಗೆ ಬಂದು ಟ್ರಂಕು ತೆಗೆದೆ. ಕಾನ್ವೆಂಟಿನ ಗ್ರೂಪ್ ಫೋಟೋ: ನಲವತ್ತು ಹುಡುಗಿಯರು, ಎಂಬತ್ತು ತುಟಿ, ಒಂದು ಹಲ್ಲೂ ಇಲ್ಲ. ಮದುವೆಯ ಫೋಟೋದಲ್ಲಿ ಬಾಸಿಂಗ, ಮುಖವೇ ಇಲ್ಲ. ಮುಂದೆ ಮಕ್ಕಳ ನಾಮಕರಣ, ಮನೆ ಪೂಜೆ, ಎಲ್ಲದರಲ್ಲೂ ನಾನು ಬಾಯಿ ಬಿಗಿದುಕೊಂಡು ಸಾಕ್ಷಿ ಹೇಳಲು ಬಂದವಳಂತೆ ನಿಂತಿದ್ದೇನೆ. ನಮ್ಮ ಮನೆಯವರನ್ನು ಕೇಳಿದೆ. ಐವತ್ತು ವರ್ಷ ಜೊತೆಗಿದ್ದವರು, ಅವರಿಗಾದರೂ ನೆನಪಿರಬೇಕಲ್ಲ.

"ನನ್ನ ನಗಿ ಹೆಂಗಿತ್ತರಿ?"

"ಛಲೋ ಇತ್ತಲ್ಲ."

"ಛಲೋ ಅಂದ್ರ ಹೆಂಗ?"

ಅವರು ಪೇಪರು ಇಳಿಸಿ, ಗಂಭೀರವಾಗಿ ಯೋಚಿಸಿ, "ಹಂಗ... ಛಲೋ" ಎಂದು ಮತ್ತೆ ಪೇಪರು ಏರಿಸಿದರು.

ಟ್ರಂಕಿನ ತಳದಲ್ಲಿ ಆ ಫೋಟೋ ಸಿಕ್ಕಿತು. ಹಿತ್ತಲಲ್ಲಿ ಸೆರಗು ಹೊದ್ದ ಒಬ್ಬಳು ಕೈಯೆತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಇದ್ದಷ್ಟೂ ಹಲ್ಲು ತೆರೆದು ನಗುತ್ತಿದ್ದಾಳೆ. ಪಕ್ಕಕ್ಕೆ ತುದಿಯಲ್ಲಿ ಇನ್ನೊಬ್ಬಳ ಅರ್ಧ ಮುಖ ಕತ್ತರಿಸಿ ಹೋಗಿದೆ. ಇದು ನಾನೋ ಸುಶಿಯೋ ಎಂಬ ಪ್ರಶ್ನೆ ಹುಟ್ಟಿತು, ಏಕೆಂದರೆ ನಮ್ಮ ಅತ್ತೆಯವರ ನ್ಯಾಯ ಹಾಗಿತ್ತು. ಜಗಳ ಬೇಡವೆಂದು ಅವರು ಇಬ್ಬರು ಸೊಸೆಯಂದಿರಿಗೂ ಒಂದೇ ಸೀರೆ, ಒಂದೇ ಬಳೆ, ಒಂದೇ ಮೂಗುತಿ ತರುತ್ತಿದ್ದರು. ಬೆನ್ನು ಕಂಡು ಗಂಡಂದಿರೇ ತಪ್ಪಾಗಿ ಕರೆದದ್ದುಂಟು. ಅಕ್ಕತಂಗಿಯರಾದ್ದರಿಂದ ಮುಖದಲ್ಲೂ ಹೋಲಿಕೆಯಿತ್ತು, ಫೋಟೋ ಬೇರೆ ಬಿಳಿಚಿಕೊಂಡಿತ್ತು. ಮಣಿಕಟ್ಟಿನ ಮೇಲೆ ಒಂದು ಕಪ್ಪು ಕಲೆ ಬೇರೆ ಬಂದಿತ್ತು. ಆದರೆ ನಮ್ಮವರು ಅದನ್ನು ಕೈಗೆ ತೆಗೆದುಕೊಂಡದ್ದೇ "ಏ, ಇದು ನಾನ ತೆಗೆದದ್ದು! ಗೆಳ್ಯಾನ ಕ್ಯಾಮೆರಾ ತಂದಿದ್ದೆ. ನಿನ್ನದ ತೆಗೀಬೇಕಂತ ತೆಗೆದದ್ದು. ನೀನ ಇದು" ಎಂದು ತೀರ್ಪು ಕೊಟ್ಟರು. ಫೋಟೋ ತೆಗೆದವರೇ ಹೇಳಿದ ಮೇಲೆ ಮುಗಿಯಿತು. ನಾನೂ ಒಮ್ಮೆ ಹೀಗೆ ನಕ್ಕಿದ್ದೆನಲ್ಲ ಎಂದು ಆ ಇಡೀ ದಿನ ಹಿಗ್ಗಿನಲ್ಲಿದ್ದೆ. ಯಾವ ಮಾತಿಗೆ ನಕ್ಕೆನೋ ಎಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ವಯಸ್ಸಾಯಿತು ಎಂದುಕೊಂಡೆ.

ಕೇತಕಿ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಬಾಯಷ್ಟನ್ನೇ ಪರದೆಯ ತುಂಬ ದೊಡ್ಡದು ಮಾಡಿದಳು. ಎಡಕ್ಕೆ, ಕೋರೆಹಲ್ಲಿನ ಪಕ್ಕದ್ದು ಸ್ವಲ್ಪ ಸೊಟ್ಟಗಿತ್ತು. "ಆಜಿ, ಇದನ್ನ ಸೀದಾ ಮಾಡಿಬಿಡತೇನಿ" ಎಂದಳು. ನನಗೆ ಎಲ್ಲಿಲ್ಲದ ರೋಷ ಬಂತು. "ನೋ! ಆ ಸೊಟ್ಟ ಹಲ್ಲು ನಂದು. ಹಂಗ ಇರಲಿ. ಇಟ್ ಈಸ್ ಮೈ ಕ್ಯಾರೆಕ್ಟರ್" ಎಂದೆ. ಅಷ್ಟು ದೃಢವಾಗಿ ನಾನು ಜೀವನದಲ್ಲಿ ಏನನ್ನೂ ಹೇಳಿದ ನೆನಪಿಲ್ಲ.

ಮುಂದಿನ ತಿಂಗಳುಗಳನ್ನು ವಿವರಿಸಿದರೆ ಓದುವವರ ಹಲ್ಲೂ ಜುಮ್ಮೆನ್ನುತ್ತದೆ. ಒಂದು ತಾಪತ್ರಯ ಮಾತ್ರ ಹೇಳುತ್ತೇನೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕೇತಕಿ ನಾಲ್ಕು ಗಂಟೆಗೆ ಕರೆದು ಸೂಜಿ ಚುಚ್ಚುತ್ತಿದ್ದಳು. ಬಾಯಿ ಯಾರದೋ ಎನ್ನುವಂತಾಗಿ, ಮತ್ತೆ ನನ್ನದಾಗುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ಹೀಗೆ ಪರ್ವವಲ್ಲದ ದಿನಗಳಲ್ಲೂ ನನಗೆ ಉಪವಾಸಗಳು ಕೂಡಿಬಂದವು. ಬಸದಿಯಲ್ಲಿ ನೆರೆಮನೆಯವರು "ಅಕ್ಕಾರದು ಈ ಸಲ ಭಾರಿ ವ್ರತ" ಎಂದರು. ನಾನು ತುಟಿ ಮುಚ್ಚಿ ಸ್ಮೈಲ್ ಮಾಡಿದೆ. ನಡುವೆ ತಾತ್ಕಾಲಿಕ ಹಲ್ಲು ಬಂದವು, ಹೋದವು. ಮೇಣದ ಹಲ್ಲು ಬಂತು. ಕನ್ನಡಿಯಲ್ಲಿ ಪ್ರತಿ ವಾರ ಬೇರೆ ಬೇರೆ ಹೆಂಗಸರು ಕಾಣಿಸಿಕೊಂಡರು. ಕಡೆಯದಾಗಿ ಬಂದವಳು ಎಲ್ಲರಿಗಿಂತ ಖುಷಿಯವಳು. ಪರಿಚಿತಳೂ ಹೌದು ಎನಿಸಿತು. ಯಾರು ಎಂದು ಗುರುತು ಹತ್ತಲಿಲ್ಲ. ನಾನೇ ಇರಬೇಕು ಎಂದುಕೊಂಡೆ.

ಕಾಯಂ ಹಲ್ಲು ಕೂರಿಸಿದ ಮರುದಿನವೇ ಪರ್ಸಿನಲ್ಲಿ ಫೋಟೋ ಇಟ್ಟುಕೊಂಡು ಸಮಡೋಳಿಗೆ ಹೋದೆ. ಸುಶಿ ಕಟ್ಟೆಯ ಮೇಲೆ ತೊಗರಿಕಾಯಿ ಸುಲಿಯುತ್ತಿದ್ದಳು. ಅವಳ ಹಲ್ಲುಗಳು ಒಂದೊಂದಾಗಿ ಎಂದೋ ಹೋಗಿವೆ. ಸೆಟ್ಟು ಹಾಕಿಸೆಂದರೆ "ನುಂಗಾಕ ಬರತೈತಿ, ಸಾಕು" ಎನ್ನುತ್ತಾಳೆ.

"ಬಾ ಅಕ್ಕಾ. ಸೂರ್ಯಾ ಎಲ್ಲಿ ಹುಟ್ಯಾನ ಇವತ್ತ? ಸೆರಗ ತೆಗಿ, ನೋಡೂಣು."

ನಾನು ಸೆರಗು ತೆಗೆದು ನಕ್ಕೆ. ಅವಳ ಕೈ ನಿಂತಿತು. ನನ್ನ ಬಾಯಿಯನ್ನೇ ನೋಡಿದಳು. ಬೆರಗಾಗಿದ್ದಾಳೆ ಎಂದು ಭಾವಿಸಿ ನಾನು ಫೋಟೋ ತೆಗೆದು ಕೊಟ್ಟೆ. "ಡಾಕ್ಟರ ಹುಡುಗಿ ಡಿಟ್ಟೋ ಹಂಗ ಮಾಡ್ಯಾಳ ನೋಡು."

"ಡಿಟ್ಟೋ ಆಗಲಾರದ ಏನ ಆದೀತು. ಇದು ನಾನ ಅಲ್ಲೇನ?"

"ಹುಚ್ಚಿ, ನಾನು! ಅವರ ಹೇಳ್ಯಾರ."

"ಭಾವನೋರ ಕ್ಯಾಮೆರಾದಾಗ ಎಂದರ ಯಾರದರ ಪೂರಾ ಮಾರಿ ಬಂದೈತೇನ?" ಎನ್ನುತ್ತ ಸುಶಿ ತನ್ನ ಮಣಿಕಟ್ಟನ್ನು ಫೋಟೋದ ಪಕ್ಕ ಇಟ್ಟಳು. ಅಲ್ಲಿ ಚಿಕ್ಕ ಹೂವಿನ ಹಚ್ಚೆ. ನಾನು ಹಳೆಯ ಫೋಟೋದ ಕಲೆ ಎಂದುಕೊಂಡದ್ದು ಅದೇ ಹೂವು. ನನಗೆ ಹಚ್ಚೆಯಿಲ್ಲ, ಕಾನ್ವೆಂಟಿನಲ್ಲಿ ಬೈಯುತ್ತಾರೆಂದು ಹಾಕಿಸಿಕೊಂಡಿರಲಿಲ್ಲ. ಆಮೇಲೆ ಅವಳು ಫೋಟೋದ ತುದಿಯ ಮೇಲೆ ಬೆರಳಿಟ್ಟಳು. "ಇಲ್ಲಿ ತುಟಿ ಹೊಲಿಸಿಕೊಂಡ ನಿಂತೈತೆಲ್ಲ ಅರ್ಧ ಮಾರಿ, ಇದು ನೀನು."

ನೋಡಿದೆ. ಹೌದು, ನಾನೇ. ನಮ್ಮವರು ಅರ್ಧ ಶತಮಾನದ ಹಿಂದೆ ನನ್ನನ್ನೇ ನೋಡುತ್ತ ಗುಂಡಿ ಒತ್ತಿದ್ದರು, ಕ್ಯಾಮೆರಾ ಮಾತ್ರ ನಾದಿನಿಯನ್ನು ಹಿಡಿದಿತ್ತು. ನಾನು ತಿಂಗಳುಗಟ್ಟಲೆ ಉಪವಾಸವಿದ್ದು, ಎಲುಬಿಗೆ ಸ್ಕ್ರೂ ಹಾಕಿಸಿಕೊಂಡು, ತಂಗಿಯ ನಗುವನ್ನು ಬಾಯಿಗೆ ಕೂರಿಸಿಕೊಂಡು ಬಂದಿದ್ದೆ. ಅವಳ ಸೊಟ್ಟ ಹಲ್ಲಿಗಾಗಿ ಡಾಕ್ಟರ ಹತ್ತಿರ ಜಗಳವಾಡಿದ್ದೆ. ನನ್ನ ನಗು ಹೇಗಿತ್ತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಗಬೇಕೋ ಅಳಬೇಕೋ, ಎರಡಕ್ಕೂ ಯಾರ ಬಾಯಿ ಬಳಸಬೇಕೋ ತಿಳಿಯದೆ "ಸಾರಿ" ಎಂದೆ.

ಸುಶಿ ನಾಲಿಗೆಯಿಂದ ತನ್ನ ಖಾಲಿ ವಸಡು ಸವರಿಕೊಂಡಳು. "ಸಾರಿ ಯಾಕ? ಇನ್ನೊಮ್ಮೆ ನಗು. ಅದನ್ನ ನೋಡಿ ಭಾಳ ದಿನ ಆಗಿತ್ತು" ಎಂದಳು. ನಕ್ಕೆ. ಅವಳೂ ನಕ್ಕಳು. ಎಂಟು ತಿಂಗಳದ್ದೂ ಅದರ ಮೇಲಿನದೂ ಸೇರಿಸಿ ನಕ್ಕೆವು. ಹಲ್ಲು ನನ್ನ ಹತ್ತಿರ, ಸದ್ದು ಅವಳ ಹತ್ತಿರ. ತೊಗರಿಕಾಯಿ ಕಟ್ಟೆಯಿಂದ ಕೆಳಗೆ ಉರುಳಿತು.

ನಮ್ಮವರಿಗೆ ವಿಷಯ ತಿಳಿಸಿದೆ. "ಆವತ್ತ ನಾ ಚಷ್ಮಾ ಹಾಕಿದ್ದಿಲ್ಲ" ಎಂದರು. ಟ್ರಂಕು ತೆಗೆದ ದಿನವೋ, ಫೋಟೋ ತೆಗೆದ ದಿನವೋ, ಹೇಳಲಿಲ್ಲ. ಕೇತಕಿಗೆ ಹೇಳಲು ಧೈರ್ಯ ಸಾಲಲಿಲ್ಲ. ಅವಳು ಮೊನ್ನೆ ಚಿಕಿತ್ಸೆಯ ಮೊದಲು ಮತ್ತು ಆಮೇಲೆ ಎಂದು ಎರಡು ಫೋಟೋ ಜೋಡಿಸಿಡಬೇಕೆಂದು ಕರೆಸಿದಳು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ "ಆಜಿ, ಸ್ಮೈಲ್!" ಎಂದಳು. ಎಲ್ಲಿಂದಲೋ ನಮ್ಮ ಸಿಸ್ಟರ ಬೆರಳು ಬಂತು, ತುಟಿಗಳು ತಾವೇ ಕೂಡಿಕೊಂಡವು. ನಾಲ್ಕು ಬಾರಿ ಕ್ಲಿಕ್ಕಿಸಿದಳು, ನಾಲ್ಕರಲ್ಲೂ ಅದೇ. ಮೊದಲ ದಿನ ತೆಗೆದ ತುಟಿ ಮುಚ್ಚಿದ ಫೋಟೋದ ಪಕ್ಕ ಹೊಸದನ್ನು ಇಟ್ಟು ಆ ಹುಡುಗಿ ಗೊಂದಲದಲ್ಲಿ ಬಿದ್ದಳು. "ಆಜಿ, ಇದರಾಗ ಆಮೇಲಿನದು ಯಾವುದರಿ?" ನನಗೂ ಗೊತ್ತಾಗಲಿಲ್ಲ. ಗುರುವಾರ ಮತ್ತೆ ಬನ್ನಿ ಎಂದಿದ್ದಾಳೆ. ಈ ಸಲ ಸುಶಿಯನ್ನೂ ಕರೆದುಕೊಂಡು ಹೋಗುತ್ತೇನೆ. ಹಲ್ಲಿನ ಒಡತಿ ಎದುರಿಗೆ ಕೂತರೆ ಅವು ಹೊರಗೆ ಬರುತ್ತವೆ. ನನ್ನ ಮಾತು ಅವೆಲ್ಲಿ ಕೇಳುತ್ತವೆ?