ಮೊಣಕಾಲಿನ ಚೌಕಾಶಿ

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ‘ಎಷ್ಟು?’ ಎಂದು ಕೇಳಿದರೆ ನನ್ನ ಬಾಯಿಂದ ಖರೇ ಅಂಕಿ ಬರುವುದಿಲ್ಲ. ಬ್ಯಾಡಗಿ ಪೇಟೆಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದ ನಾಲಿಗೆ ಇದು. ಎದುರಿನವರು ಎಳೆದಾಡಲಿ ಎಂದು ಒಂದಿಷ್ಟು ಜಾಗ ಬಿಟ್ಟೇ ಮಾತಾಡುತ್ತದೆ. ಮದುವೆಯ ಮಾತುಕತೆಯಲ್ಲಿ ವಯಸ್ಸು ಕೇಳಿದಾಗಲೂ ಎರಡು ವರ್ಷ ಇಳಿಸಿ ಹೇಳಿದ್ದೆ. ನಮ್ಮ ಮಾವನವರು ಅದಕ್ಕೆ ನಾಲ್ಕು ಸೇರಿಸಿಕೊಂಡೇ ಮಗಳು ನೀಲವ್ವನನ್ನು ಕೊಟ್ಟರು.

ಈ ನಾಲಿಗೆ ನನ್ನ ಹೊಸ ಮೊಣಕಾಲಿಗೂ ಗಂಟುಬಿತ್ತು. ಮೊಣಕಾಲು ಬದಲಿಸುವ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಮೇಲೆ, ರಾಣೆಬೆನ್ನೂರಿನಿಂದ ಫಾತಿಮಾ ಎಂಬ ಫಿಜಿಯೋಥೆರಪಿಯ ಹುಡುಗಿ ದಿನಾ ಬೆಳಿಗ್ಗೆ ರೈಲಿಗೆ ಬರತೊಡಗಿದಳು. ಕಾಲು ಮಡಿಸುವ ಮೊದಲು ಕೇಳಿದಳು: “ಸಾವ್ಕಾರ್ರ, ನೋವು ಹತ್ತರಾಗ ಎಷ್ಟು ಐತ್ರಿ?” ಇದ್ದದ್ದು ನಾಲ್ಕು. “ಒಂಬತ್ತು” ಎಂದೆ. ಅವಳು ಮೂರು ಎನ್ನುತ್ತಾಳೆ, ಎಳೆದಾಡಿ ಐದಕ್ಕೆ ಮುಗಿಸಿದರಾಯಿತು ಎಂದು ಕಾದೆ. ಆ ಹುಡುಗಿ ಒಂಬತ್ತನ್ನೇ ನಂಬಿ, ಕಾಗದದಲ್ಲಿ ಬರೆದುಕೊಂಡು, ನಾಲ್ಕೇ ಸಲ ಮೆಲ್ಲಗೆ ಮಡಿಸಿ ಹೋದಳು. ಜನ್ಮದಲ್ಲಿ ಇಷ್ಟು ಸಲೀಸಾದ ವ್ಯಾಪಾರ ಮಾಡಿರಲಿಲ್ಲ. ಖುಷಿಯಲ್ಲಿ ಹತ್ತು ದಿನ ದರ ಇಳಿಸಲೇ ಇಲ್ಲ.

ಹನ್ನೊಂದನೆಯ ದಿನ ಹಾವೇರಿಯ ಡಾಕ್ಟರು ಕಾಲು ಅಳೆದರು. ಎಪ್ಪತ್ತು ಡಿಗ್ರಿ. “ತೊಂಬತ್ತಾದರೂ ದಾಟಬೇಕ್ರಿ. ಇಲ್ಲಂದ್ರ ಮೆಟ್ಟಲಾ ಹತ್ತೂದು ಕಷ್ಟ. ಹದಿನೈದು ದಿನ ನೋಡೂಣು, ಆಗಲಿಲ್ಲಂದ್ರ ಮತ್ತ ಮಂಪರು ಕೊಟ್ಟು ಮಡಸೂದ.”

“ಎಂಬತ್ತಕ್ಕ ಮುಗಸ್ರಿ, ಡಾಕ್ಟರ” ಎಂದೆ. ಅವರು ಚೀಟಿಯಲ್ಲಿ ತೊಂಬತ್ತು ಎಂದು ಬರೆದು ಕೆಳಗೆ ಗೆರೆ ಎಳೆದರು.

ಹದಿನೈದು ದಿನಕ್ಕೆ ಸರಿಯಾಗಿ ಹೊಸ ಕಾಯಿಯ ಹಂಗಾಮಿನ ಮೊದಲ ಪೇಟೆಯ ದಿನ. ಮೂವತ್ತು ವರ್ಷ ಒಂದೂ ತಪ್ಪಿಸಿಲ್ಲ. ನಮ್ಮ ಅಂಗಡಿಗೆ ಮೂರು ಎತ್ತರದ ಕಲ್ಲಿನ ಮೆಟ್ಟಿಲು. “ಹಮಾಲರು ಚೀಲದ ಜೋಡಿ ನಿಮ್ಮನ್ನೂ ಎತ್ತಿ ಇಡ್ತಾರ ಬಿಡ್ರಿ” ಎಂದಳು ನೀಲವ್ವ. ಆ ಚಿತ್ರ ಕಣ್ಣಿಗೆ ಕಟ್ಟಿ ನಿಜವಾಗಿಯೂ ಹೆದರಿದೆ. ಮರುದಿನ ಬೆಳಿಗ್ಗೆ ಅವಳೇ ಫಾತಿಮಾಳಿಗೆ ಗುಟ್ಟು ಒಡೆದಳು: “ಇವರು ಎಷ್ಟರ ಹೇಳ್ಲಿ, ಅರ್ಧಾ ಹಿಡಿಯವಾ. ನನ್ನ ಸಂಸಾರ ಹಂಗ ನಡದೈತಿ.”

ಮುಂದಿನ ದಿನಗಳ ಉಮೇದು ಏನು ಹೇಳಲಿ. ಅತ್ತ ಮಾರುಕಟ್ಟೆಯ ಯಾರ್ಡಿನಲ್ಲಿ ಹೊಸ ಕಾಯಿಯ ಲಾರಿ ಬಂದಾಗಲೆಲ್ಲ ಗೆಳೆಯರ ಮಿಸ್ಡ್ ಕಾಲ್; ಇತ್ತ ಒಂದೊಂದು ಮಿಸ್ಡ್ ಕಾಲಿಗೂ ನಾನು ಹಲ್ಲುಕಚ್ಚಿ ಹತ್ತು ಸಲ ಕಾಲು ಮಡಿಸುವುದು. ಎಪ್ಪತ್ತೆಂಟು ಆಯಿತು, ಎಂಬತ್ತಾರು ಆಯಿತು. ಡಾಕ್ಟರ ಗಡುವಿನ ಹದಿನಾಲ್ಕನೆಯ ದಿನ ಫಾತಿಮಾ ಡಿಗ್ರಿ ಅಳೆಯುವ ಪಟ್ಟಿ ಹಿಡಿದು “ತೊಂಬತ್ನಾಲ್ಕು” ಎಂದಾಗ ನಾನು ಹಾಕಿದ ಕೇಕೆಗೆ ಪಕ್ಕದ ಮನೆಯವರು ಓಡಿಬಂದರು.

ಮರುದಿನ ಕೋಲು ಊರಿಕೊಂಡು ಅಂಗಡಿಯ ಮುಂದೆ ನಿಂತೆ. ಯಾರ್ಡು ಕಣ್ಣಿಗೆ ಕಾಣುವಷ್ಟು ದೂರ ಕೆಂಪಗಿತ್ತು. ಒಂದು ಮೆಟ್ಟಿಲು. ಎರಡು. ಹಮಾಲರು ಚೀಲ ಹೊತ್ತುಕೊಂಡೇ ನಿಂತು ನೋಡುತ್ತಿದ್ದರು. ಮೂರು. ಕಣ್ಣಲ್ಲಿ ನೀರು ಬಂತು. ಕಾಯಿಯ ಘಾಟು ಎಂದು ಎಲ್ಲರಿಗೂ ಹೇಳಿದೆ. ಆ ಸಂತೋಷದಲ್ಲಿ ಸಂಜೆಯತನಕ ಯಾರ್ಡೆಲ್ಲ ಸುತ್ತಿದೆ.

ಮರುದಿನ ಮೊಣಕಾಲು ಕುಂಬಳಕಾಯಿಯಾಗಿತ್ತು. ಫಾತಿಮಾ ಬಂದು, “ಇವತ್ತ ಎಷ್ಟ್ರಿ, ಸಾವ್ಕಾರ್ರ?” ಎಂದಳು. ಇಷ್ಟು ಉಪಕಾರ ಮಾಡಿದ ಹುಡುಗಿಗೆ ಇನ್ನು ಸುಳ್ಳು ಹೇಳಬಾರದು ಎಂದು ಜನ್ಮದಲ್ಲಿ ಮೊದಲ ಬಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: “ಆರು ಐತವಾ.”

“ಅಂದ್ರ ಮೂರು” ಎಂದು ಅವಳು ಹಿಮ್ಮಡಿ ಹಿಡಿದಳು.

ಒಳಗಿನಿಂದ ನೀಲವ್ವ ಕೂಗಿದಳು: “ಎರಡ ಇದ್ದೀತು, ಮಡಸವಾ.”