೯೯೭೩ರ ಹಟ

ನಾ ಲೆಕ್ಕದ ಮಾಸ್ತರ. ನಿಜಾಮರ ಕಾಲದಾಗ ಮೂರೂರು ಸುತ್ತೀನಿ. ಹ್ವಾದ ಹ್ವಾದಲ್ಲಿ ಒಂದಿಲ್ಲೊಂದು ರಗಳೆ ನನ್ನ ಬೆನ್ನಹತ್ತಿ ಬರತಿತ್ತು. ಮೂರೂ ಕಡೆ ಕಾರಣ ಒಂದ: ೯೯೭೩. ಇದನ್ನ ಒಂದರಿಂದ ಭಾಗಿಸ್ರಿ, ಇಲ್ಲಾ ಅದರಿಂದನ ಅದನ್ನ ಭಾಗಿಸ್ರಿ. ಬ್ಯಾರೆ ಯಾವ ಸಂಖ್ಯೆಲೆ ಭಾಗಿಸಿದ್ರೂ ಏನರ ಉಳದ ಉಳೀತೈತಿ. ಅವಿಭಾಜ್ಯ ಅಂತೀವಿ. ನಾಕು ಅಂಕಿಯವರಾಗ ಇದಕ್ಕಿಂತ ದೊಡ್ಡ ಹಟಮಾರಿ ಇಲ್ಲ. ನನಗ ಅದರ ಮ್ಯಾಲ ಭಾಳ ಪ್ರೀತಿ.

ಮಸ್ಕಿ

ಮಕ್ಕಳಿಗೆ ಇದನ್ನ ಹೇಳಿಕೊಟ್ಟ ಮರುದಿನಾನ ಕುರಿ ಕಾಯೋ ಒಬ್ಬಾಂವ ಸಾಲಿಗೆ ಬಂದ.

"ಏನ್ರೀ ಮಾಸ್ತರ, ಪಾಲಾಗದ್ದು ಅಂತ ಒಂದೈತಂತ? ನಮ್ಮ ಹುಡುಗಗ ಸುಳ್ಳು ಕಲಸಬ್ಯಾಡ್ರಿ. ನಾನೂ ನನ್ನ ತಮ್ಮನೂ ಬ್ಯಾರೆ ಆದಾಗ ಬೀಸೋಕಲ್ಲು ಸೈತ ಪಾಲು ಮಾಡೀವಿ. ಮ್ಯಾಲಿನ ಕಲ್ಲು ಅವಗ, ಕೆಳಗಿನದು ನನಗ."

"ಹಂಗಾದ್ರ ಜ್ವಾಳ ಎಲ್ಲಿ ಬೀಸ್ತೀರಿ?"

"ನಾವು ಆಜೂ ಮನ್ಯಾಗ, ಅವರು ಬಾಜೂ ಮನ್ಯಾಗ."

ಲಿಂಗಸೂಗೂರು

ಇಲ್ಲಿ ಲೆಕ್ಕಾನೂ ಉರ್ದುದಾಗ ಹೇಳಬೇಕಂತ ಹುಕುಂ. ಮಕ್ಕಳು ಪಿಳಿಪಿಳಿ ಕಣ್ಣು ಬಿಡಾಕತ್ರು. ನನಗ ಸಿಟ್ಟು ಬಂತು, ಕನ್ನಡದಾಗನ ಶುರು ಮಾಡಿದೆ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬ್ರು ಬೋರ್ಡಿನ ಮ್ಯಾಲಿನ ೯೯೭೩ ನೋಡಿ, "ಸರ್ಕಾರದ ಸಾಲ್ಯಾಗ ಭಾಗ ಆಗದ ಸಂಖ್ಯೆ ಯಾಕೈತಿ?" ಅಂತ ಗದರಿ ತಾವ ಮೂರರಿಂದ ಭಾಗಿಸಿದ್ರು. ಒಂದು ಉಳೀತು.

ಹೆಡ್‌ಮಾಸ್ತರು ಕೈಮುಗದು, "ಒಂದ ಅಲ್ರಿ ಸಾಹೇಬ್ರ, ಹುಕುಂ ಆದ್ರ ತಗದುಬಿಡ್ತೀನಿ" ಅಂತ ಕಡೀ ಮೂರು ಅಳಿಸಿ ಎರಡು ಬರದ್ರು. ಭಾಗ ಆತು. ಸಾಹೇಬ್ರು ಖುಷ್.

ನಾ ಎದ್ದು ಎರಡು ಅಳಿಸಿ ಮತ್ತ ಮೂರು ಬರದೆ.

ಸಂಖ್ಯೆ ಅಲ್ಲೇ ಉಳೀತು, ನನ್ನ ಸಿಂಧನೂರಿಗೆ ಒಗದ್ರು.

ಸಿಂಧನೂರು

ಅದ ಸಾಹೇಬ್ರು ಇಲ್ಲಿಗೂ ಬಂದ್ರು. ಬೋರ್ಡಿನ ಮ್ಯಾಲ ಅದ ೯೯೭೩, ನನ್ನ ಬಾಯಾಗ ಅದ ಕನ್ನಡ.

"ಈ ಕ್ವಾಣ್ಯಾಗ ಲೆಕ್ಕ ಮಾಡುವಾಗ ಇನ್ನ ಯಾರ ಬಾಯಿಂದ ಕನ್ನಡ ಬಂದ್ರೂ ಅವರ ನೌಕರಿ ಹೋತಂತ ತಿಳಿ!" ಅಂತ ಉರ್ದುದಾಗ ಗುಡುಗಿದ್ರು.

ನೌಕರಿ ಹ್ವಾದ್ರ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ಲ. ಆದ್ರೂ ಬಗ್ಗಲಿಲ್ಲ. ಸೀಮೆಸುಣ್ಣ ಅವರ ಕೈಗೆ ಕೊಟ್ಟು, ಅವರ ಉರ್ದುದಾಗನ ಅಂದೆ: "ನೀವ ಭಾಗಿಸಿ ತೋರಿಸ್ರಿ. ನೂರನ್ನ ನೂರಲೆ ಗುಣಿಸಿದ್ರ ಹತ್ತು ಸಾವಿರ, ಇದು ಅದಕ್ಕಿಂತ ಸಣ್ಣದು. ಇದನ್ನ ಒಡಿಯೋ ಸಂಖ್ಯೆ ಇದ್ರ ನೂರರೊಳಗ ಒಂದರ ಸಿಗಬೇಕು. ಅಲ್ಲಿ ಸಿಗಲಿಲ್ಲ ಅಂದ್ರ ಎಲ್ಲೂ ಇಲ್ಲ."

ಸಾಹೇಬ್ರು ತೋಳು ಏರಿಸಿದ್ರು. ಏಳರಿಂದ ಭಾಗಿಸಿದ್ರು, ಐದು ಉಳೀತು. ಹನ್ನೊಂದರಿಂದ ಭಾಗಿಸಿದ್ರು, ಏಳು ಉಳೀತು. ಬೆವರಿಗೆ ಟೋಪಿ ಜಾರಾಕತ್ತು. ಹದಿಮೂರಕ್ಕ ಬಂದು ಗಪ್ಪಂತ ನಿಂತ್ರು. ಉರ್ದು ಮಗ್ಗಿ ನಾಲಿಗಿಗೆ ಬರವಲ್ದು. ಅವರು ಮೂಲ ಇಲ್ಲೇ ಬಾಜೂಕಿನ ಸಾಲಗುಂದ ಹಳ್ಳಿಯವರಂತ ನಮಗೇನು ಗೊತ್ತು! ಕಣ್ಣು ಮುಚ್ಚಿದ್ರು, ತಲಿ ತೂಗಿದ್ರು, ಸಣ್ಣವರಿದ್ದಾಗಿನ ರಾಗದಾಗ ಗುಣುಗುಣು ಶುರು ಮಾಡಿದ್ರು:

"ಹದಿಮೂರೊಂದ್ಲೆ ಹದಿಮೂರು... ಹದಿಮೂರೆರಡ್ಲೆ ಇಪ್ಪತ್ತಾರು..."

ಹಂಗ ಎಳಕೋತ ಹೋಗಿ, "ಹದಿಮೂರೇಳ್ಲೆ..." ಅಂದು ತಡವರಿಸಿದ್ರು.

"ತೊಂಬತ್ತೊಂದೂ!" ಮಕ್ಕಳೆಲ್ಲಾ ಒಂದ ದನಿಲೆ ಒದರಿದ್ರು.

ಸಾಹೇಬ್ರು ಕಣ್ಣು ತಗದ್ರು.

"ಸಾಹೇಬ್ರ, ಈಗ ನೌಕರಿ ಯಾರದು ಹೋತ್ರಿ?" ಅಂದೆ, ಕನ್ನಡದಾಗ.

ಬೋರ್ಡ್ ನೋಡಿದ್ರು, ನನ್ನ ನೋಡಿದ್ರು, ಹೋಗಿ ಬಾಗಿಲಾ ಮುಚ್ಚಿ ಬಂದ್ರು.

"ಆತು ಬಿಡ್ರಿ ಮಾಸ್ತರ, ನಿಮ್ಮ ಲೆಕ್ಕ ಕನ್ನಡದಾಗ ಇರ್ಲಿ," ಅಂದ್ರು. ಆಮ್ಯಾಲ ಮಕ್ಕಳ ಕಡೆ ತಿರುಗಿ, "ಲೇ, ಹದಿನೇಳರ ಮಗ್ಗಿ ಯಾರಿಗೆ ಬರತೈತಿ? ನನಗ ಮರ್ತೈತಿ."